ಮಗುವನ್ನು ಕೊಡಬಹುದೆ?

ಪೂರ್ವಮೀಮಾಂಸಾ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ವಿಶ್ವಜಿತ್ ಎಂಬ ಯಾಗವನ್ನು ಕುರಿತು ಒಂದು ವಿಚಾರ ನಡೆಯುತ್ತದೆ. ಆ ಯಾಗವನ್ನು ಮಾಡತಕ್ಕವನು ತನ್ನ ಸರ್ವಸ್ವವನ್ನೂ ದಾನಮಾಡಬೇಕೆಂಬುದು ವಿಧಿ. ಹಾಗಾದಲ್ಲಿ, ತನ್ನ ತಂದೆ, ತನ್ನ ತಾಯಿ ಎಂದು ಲೋಕದಲ್ಲಿ ಹೇಳುವುದುಂಟಾದ್ದರಿಂದ, ಅವರನ್ನೂ ಗೋಧನ ಧಾನ್ಯಗಳೊಡನೆ ಋತ್ವಿಜರ ಕೈಗೆ ಧಾರೆಯೆರೆಯಬೇಕೆ ಎಂದು ಪೂರ್ವಪಕ್ಷಿಯು ಕೇಳುತ್ತಾನೆ. ಬಾಲಿಶವೆಂದು ತೋರಬಹುದಾದ ಈ ಪ್ರಶ್ನೆಯನ್ನು ಜೈಮಿನಿಯು ತಳ್ಳಿಹಾಕುವುದಿಲ್ಲ. ಯಾವುದರ ಮೇಲೆ ಒಬ್ಬನಿಗೆ ಪ್ರಭುತ್ವವುಂಟೋ ಅದನ್ನು ಮಾತ್ರ ಅವನು ಕೊಡಬಲ್ಲನು; ತಂದೆ ಮೊದಲಾದ ಬಂಧುಗಳಿಗೂ ನಮಗೂ ಸಂಬಂಧವಿದೆಯೇ ಹೊರತು ಅವರ ಮೇಲೆ ನಮಗೆ ಒಡೆತನವಿಲ್ಲ; ಆದುದರಿಂದ ಅವರು ದಾನದ ವಸ್ತುಗಳಾಗಲಾರರು ಎಂಬುದು ಸಿದ್ಧಾಂತ. ಅಲ್ಲಿಗೇ ನಿಲ್ಲದೆ, ಭೂಮಿಯು ಸರ್ವರಿಗೂ ಸಮಾನವಾದದ್ದಾದ್ದರಿಂದ ಸಾರ್ವಭೌಮನಾದರೂ ಭೂಮಂಡಲವನ್ನು ದಾನಮಾಡಲಾರನೆಂದೂ ಮೀಮಾಂಸಕರು ನಿರ್ಣಯಿಸಿದರು. ಸಂಬಂಧ ಬೇರೆ, ಸ್ವಾಮ್ಯ ಬೇರೆ ಎಂಬ ಈ ವಿವೇಕವನ್ನು ಯಜ್ಞಶಾಲೆಯಿಂದ ಹೊರಗೆ ತಂದು, ನಿರಾಶ್ರಿತ ಮಕ್ಕಳ ಪಾಲನೆಯ ಕಾರ್ಯದಲ್ಲಿ ತೊಡಗಿರುವವರ ಮುಂದೆಯೂ, ದತ್ತು ಪಡೆಯಲು ಬಯಸುವವರ ಮುಂದೆಯೂ ಇಡಬೇಕೆಂಬುದು ನನ್ನ ಆಶಯ. ತಂದೆತಾಯಿಗಳನ್ನು ಮಗನು ಕೊಡಲಾರನಾದರೆ, ಮಗನನ್ನು ತಂದೆತಾಯಿಗಳು ಕೊಡಬಲ್ಲರೆ?

ನಮ್ಮ ಧರ್ಮಶಾಸ್ತ್ರಗಳು ಈ ಪ್ರಶ್ನೆಗೆ ಒಂದೇ ಬಾಯಿಂದ ಉತ್ತರ ಹೇಳಿಲ್ಲ. ಕುಟುಂಬಕ್ಕೆ ಬಾಧೆಯಾಗದಂತೆ ತನ್ನ ಸ್ವತ್ತನ್ನು ದಾನಮಾಡಬಹುದು, ಆದರೆ ಹೆಂಡತಿಯನ್ನೂ ಮಗನನ್ನೂ ಕೊಡಲಾಗದು ಎಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ; ಅದೇ ಸ್ಮೃತಿಯು ಪುತ್ರರ ಭೇದಗಳನ್ನು ಎಣಿಸುವಲ್ಲಿ ತಾಯಿಯೋ ತಂದೆಯೋ ಕೊಟ್ಟ ಮಗನನ್ನು ದತ್ತಕನೆಂದು ಅಂಗೀಕರಿಸುತ್ತದೆ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಬಾಳಿದವನೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಅವನ ಗ್ರಂಥವೇ ಮುಂದೆ ಭಾರತದ ಬಹುಭಾಗಕ್ಕೆ ವ್ಯವಹಾರದ ಪ್ರಮಾಣವಾಯಿತು. ವಸಿಷ್ಠ ಧರ್ಮಸೂತ್ರವಂತೂ ಮಗನನ್ನು ಕೊಡುವುದಕ್ಕೂ ಮಾರುವುದಕ್ಕೂ ತ್ಯಜಿಸುವುದಕ್ಕೂ ತಂದೆತಾಯಿಗಳಿಗೆ ಅಧಿಕಾರವುಂಟೆಂದು ಹೇಳಿ, ಒಬ್ಬನೇ ಮಗನಾಗಿದ್ದಲ್ಲಿ ಮಾತ್ರ ಕೊಡಕೂಡದೆಂದು ನಿಷೇಧಿಸುತ್ತದೆ. ಈ ನಿಷೇಧಕ್ಕೆ ಅದು ಕೊಡುವ ಕಾರಣವನ್ನು ಗಮನಿಸಬೇಕು. ಒಬ್ಬನೇ ಮಗನು ಪೂರ್ವಿಕರ ಸಂತತಿಯನ್ನು ಮುಂದುವರಿಸಬೇಕಾದವನು ಎಂಬುದೇ ಆ ಕಾರಣ. ಅಗಲಿಕೆಯಿಂದ ಆ ಬಾಲಕನು ಪಡುವ ಸಂಕಟದ ಮಾತು ಅಲ್ಲಿಲ್ಲ.

ದತ್ತಕವು ಹುಟ್ಟಿದ್ದೇ ದೊಡ್ಡವರ ಅವಶ್ಯಕತೆಯಿಂದ. ಮನುಷ್ಯನು ಋಣಗಳನ್ನು ಹೊತ್ತು ಹುಟ್ಟುತ್ತಾನೆ, ಪಿತೃಗಳ ಋಣವು ಸಂತಾನದಿಂದ ತೀರುತ್ತದೆ ಎಂಬ ವೈದಿಕ ಶ್ರದ್ಧೆಯಿಂದಾಗಿ, ಪಿಂಡ ಹಾಕುವವನಿಲ್ಲವೆಂಬ ಭಯವು ಎಷ್ಟೋ ಮನೆಗಳ ಬಾಗಿಲಿಗೆ ಪರರ ಮಗುವನ್ನು ಕರೆತಂದಿತು. ಸಿಂಹಾಸನವಿದ್ದ ಕಡೆ ಭಯ ಇಮ್ಮಡಿಯಾಗುತ್ತಿತ್ತು. 1824ರಲ್ಲಿ ಕಿತ್ತೂರಿನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆಯು ಒಪ್ಪದೆಹೋದುದರಿಂದ ರಾಣಿ ಚೆನ್ನಮ್ಮನು ಯುದ್ಧಕ್ಕೇ ನಿಲ್ಲಬೇಕಾಯಿತು. 1865ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಚಾಮರಾಜೇಂದ್ರರನ್ನು ದತ್ತು ಪಡೆದಾಗ ಎರಡು ವರ್ಷದ ಶಿಶುವೊಂದರ ಮೇಲೆ ಒಂದು ಸಂಸ್ಥಾನದ ಭವಿಷ್ಯವೇ ನಿಂತಿತ್ತು, ಮತ್ತು ಆ ದತ್ತಕವನ್ನು ಆಂಗ್ಲರು 1867ರಲ್ಲಿ ಮಾನ್ಯಮಾಡಿದ ಫಲವಾಗಿಯೇ 1881ರಲ್ಲಿ ಮೈಸೂರು ತನ್ನ ಅರಸರ ಕೈಗೆ ಮರಳಿತು. ಇವು ನಮ್ಮ ನಾಡಿನ ಅಭಿಮಾನದ ಕಥೆಗಳು. ಇವುಗಳ ಘನತೆಯನ್ನು ಕುಂದಿಸುವ ಉದ್ದೇಶ ನನಗಿಲ್ಲ. ಆದರೆ ವಂಶಕ್ಕೆ ಮಗು ಬೇಕಾಗಿತ್ತು, ರಾಜ್ಯಕ್ಕೆ ಮಗು ಬೇಕಾಗಿತ್ತು, ಪಿತೃಲೋಕಕ್ಕೂ ಮಗು ಬೇಕಾಗಿತ್ತು; ಮಗುವಿಗೆ ಏನು ಬೇಕಾಗಿತ್ತೆಂದು ಕೇಳುವ ಸ್ಥಾನದಲ್ಲಿ ಯಾರೂ ಇರಲಿಲ್ಲವೆಂಬುದನ್ನು ಒಪ್ಪಲೇಬೇಕು.

ಹಾಗೆ ಕೇಳಿದ ಒಂದು ಪ್ರಾಚೀನ ಪ್ರಸಂಗ ಮಾತ್ರ ನನ್ನ ಮನಸ್ಸಿನಲ್ಲಿ ಬಹುಕಾಲದಿಂದ ನಿಂತಿದೆ. ಐತರೇಯ ಬ್ರಾಹ್ಮಣದ ಶುನಃಶೇಪನ ಆಖ್ಯಾನವದು. ವರುಣನಿಗೆ ತನ್ನ ಮಗನನ್ನೇ ಬಲಿಗೊಡುವೆನೆಂದು ಮಾತುಕೊಟ್ಟ ಹರಿಶ್ಚಂದ್ರನ ಮಗ ರೋಹಿತನು, ತನಗೆ ಬದಲಾಗಿ ಇನ್ನೊಬ್ಬನನ್ನು ಅರಸುತ್ತ, ಅಡವಿಯಲ್ಲಿ ಹಸಿವಿನಿಂದ ಕಂಗೆಟ್ಟಿದ್ದ ಅಜೀಗರ್ತನ ಸಂಸಾರವನ್ನು ಕಾಣುತ್ತಾನೆ. ನೂರು ಹಸುಗಳಿಗೆ ಒಬ್ಬ ಮಗನನ್ನು ಕೇಳುತ್ತಾನೆ. ತಂದೆಯು ಹಿರಿಯನನ್ನು ಹಿಡಿದುಕೊಳ್ಳುತ್ತಾನೆ, ತಾಯಿಯು ಕಿರಿಯನನ್ನು ಅಪ್ಪಿಕೊಳ್ಳುತ್ತಾಳೆ. ಯಾರ ಕೈಯೂ ಹಿಡಿಯದ ನಡುವಣ ಹುಡುಗ ಶುನಃಶೇಪನು ಮಾರಲ್ಪಡುತ್ತಾನೆ. ಯಜ್ಞಶಾಲೆಯಲ್ಲಿ ಅವನನ್ನು ಯೂಪಕ್ಕೆ ಕಟ್ಟಲು ಯಾರೂ ಮುಂದೆ ಬಾರದಿರಲು, ಇನ್ನೂ ನೂರು ಹಸುಗಳಿಗೆ ತಂದೆಯೇ ಕಟ್ಟುತ್ತಾನೆ, ಮತ್ತೂ ನೂರಕ್ಕೆ ಕತ್ತಿಯನ್ನೂ ಹಿಡಿಯುತ್ತಾನೆ. ದೇವತೆಗಳನ್ನು ಸ್ತುತಿಸಿ ಪಾಶವಿಮುಕ್ತನಾದ ಬಾಲಕನು ತಾನೇ ನಡೆದುಹೋಗಿ ವಿಶ್ವಾಮಿತ್ರರ ತೊಡೆಯ ಮೇಲೆ ಕುಳಿತುಕೊಳ್ಳುತ್ತಾನೆ. ಆಗ ಅಜೀಗರ್ತನು ಪಶ್ಚಾತ್ತಾಪದಿಂದ, ನನ್ನ ಮಗನನ್ನು ನನಗೆ ಕೊಡಿ ಎಂದು ಬೇಡುತ್ತಾನೆ. ಆ ಹಸುಗಳು ನಿನಗೇ ಇರಲೆಂದು ಮಗನಿಗೂ ಹೇಳುತ್ತಾನೆ. ನಿನ್ನ ಕೈಯಲ್ಲಿ ಕತ್ತಿಯನ್ನು ಎಲ್ಲರೂ ಕಂಡರು, ಒಮ್ಮೆ ಹೀಗೆ ಮಾಡಿದವನು ಇನ್ನೊಮ್ಮೆಯೂ ಮಾಡಬಲ್ಲನು ಎಂಬ ಅರ್ಥದ ಉತ್ತರವನ್ನು ಆ ಹುಡುಗನು ಕೊಡುತ್ತಾನೆ.

ಈ ಕಥೆಯ ಮುಂದಿನ ಭಾಗವನ್ನು ಹೇಳುವವರು ಕಡಮೆ. ವಿಶ್ವಾಮಿತ್ರರು ಅವನನ್ನು ಮಗನಾಗೆಂದು ಕರೆದಾಗ ಅವನು ಒಡನೆ ಒಪ್ಪುವುದಿಲ್ಲ. ಅಂಗಿರಸ ಗೋತ್ರದಲ್ಲಿ ಹುಟ್ಟಿದ ನಾನು ನಿಮ್ಮ ಮಗನಾಗುವುದು ಹೇಗೆ ಎಂದು ಕೇಳುತ್ತಾನೆ. ನಿಮ್ಮ ಮಕ್ಕಳೂ ಸಮ್ಮತಿಸಿ ನನ್ನೊಡನೆ ಸೌಹಾರ್ದದಿಂದಿರುವಂತೆ ಅವರಿಗೆ ಹೇಳಿರೆಂದು ಬೇಡುತ್ತಾನೆ. ವಿಶ್ವಾಮಿತ್ರರಿಗೆ ನೂರೊಂದು ಮಂದಿ ಮಕ್ಕಳು. ಬಂದವನಿಗೆ ಜ್ಯೇಷ್ಠತ್ವವನ್ನು ಕೊಡುವುದನ್ನು ಮಧುಚ್ಛಂದಸನೂ ಅವನಿಗಿಂತ ಕಿರಿಯರಾದ ಐವತ್ತು ಮಂದಿಯೂ ಒಪ್ಪಿದರು. ಹಿರಿಯರಾದ ಐವತ್ತು ಮಂದಿ ಒಪ್ಪಲಿಲ್ಲ, ತಂದೆಯ ಶಾಪಕ್ಕೆ ಗುರಿಯಾದರು. ಆ ಶಾಪವನ್ನು ನಾನು ಎಂದೂ ಮನಸಾರೆ ಒಪ್ಪಲಾರೆ. ಇದ್ದಕ್ಕಿದ್ದಂತೆ ಮನೆಗೆ ಬಂದ ಅಪರಿಚಿತನೊಬ್ಬನು ತಮಗಿಂತ ಹಿರಿಯನೆನಿಸಿಕೊಂಡಾಗ ಒಡಹುಟ್ಟಿದವರ ಎದೆಯಲ್ಲಿ ಏಳುವ ಕಳವಳವು ದ್ರೋಹವಲ್ಲ, ಅಧರ್ಮವೂ ಅಲ್ಲ. ಅವರೊಡನೆ ಮೊದಲೇ ಕುಳಿತು ಮಾತನಾಡತಕ್ಕ ಒಬ್ಬರು ಆ ಆಶ್ರಮದಲ್ಲಿರಲಿಲ್ಲ. ಇಂದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದಲೋ ದತ್ತು ಕೇಂದ್ರದಿಂದಲೋ ಗೃಹ ಅಧ್ಯಯನಕ್ಕೆಂದು ಒಂದು ಮನೆಗೆ ಹೋಗುವ ಸಮಾಜ ಕಾರ್ಯಕರ್ತೆಯು, ಗಂಡಹೆಂಡಿರ ಆದಾಯ, ಆರೋಗ್ಯ, ಕೊಠಡಿಗಳ ಸಂಖ್ಯೆಯನ್ನು ಬರೆದುಕೊಳ್ಳುವುದರ ಜೊತೆಗೆ, ಬಾಗಿಲ ಮರೆಯಲ್ಲಿ ನಿಂತಿರುವ ಏಳು ವರ್ಷದ ಮಗಳನ್ನು ಹತ್ತಿರ ಕರೆದು ಮಾತನಾಡಿಸಿದಳಾದರೆ, ವಿಶ್ವಾಮಿತ್ರರು ಮಾಡದೆ ಬಿಟ್ಟ ಕೆಲಸವನ್ನು ಮಾಡಿದಂತಾಗುತ್ತದೆ.

ಕೊಡುವವನು ಯಾರು ಎಂಬ ಪ್ರಶ್ನೆಗೆ ಸ್ವತಂತ್ರ ಭಾರತದ ಶಾಸನಗಳು ಎರಡು ಬಗೆಯ ಉತ್ತರಗಳನ್ನು ಕೊಟ್ಟಿವೆ. 1956ರ ಹಿಂದೂ ದತ್ತಕ ಕಾಯಿದೆಯು ದತ್ತಹೋಮವನ್ನು ಅನಾವಶ್ಯಕವೆಂದು ಬಿಟ್ಟರೂ, ಮಗುವನ್ನು ಒಂದು ಕುಟುಂಬದಿಂದ ಇನ್ನೊಂದಕ್ಕೆ ಸೇರಿಸುವ ಉದ್ದೇಶದಿಂದ ವಾಸ್ತವವಾಗಿ ಕೊಡುವ ಮತ್ತು ತೆಗೆದುಕೊಳ್ಳುವ ಕ್ರಿಯೆಯನ್ನು ಉಳಿಸಿಕೊಂಡಿತು. ದಾನದ ರೂಪ ಅಲ್ಲಿ ಹಾಗೆಯೇ ಇದೆ. ವಿದೇಶಗಳಿಗೆ ಭಾರತೀಯ ಮಕ್ಕಳನ್ನು ದತ್ತು ಕಳುಹಿಸುವುದರಲ್ಲಿ ನಡೆಯುತ್ತಿದ್ದ ಅಕ್ರಮಗಳ ಬಗೆಗೆ ವಕೀಲರೊಬ್ಬರು ಬರೆದ ಪತ್ರದಿಂದ ಹುಟ್ಟಿದ ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ಕೊಟ್ಟ ತೀರ್ಪು ದೃಷ್ಟಿಯನ್ನೇ ತಿರುಗಿಸಿತು: ಇನ್ನು ಮುಂದೆ ಮಗುವಿನ ಹಿತವೇ ಅಳತೆಗೋಲು. 1990ರಲ್ಲಿ ಕೇಂದ್ರ ದತ್ತು ಸಂಸ್ಥೆ ಬಂದಿತು. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಹೆತ್ತವಳು ಮಗುವನ್ನು ದತ್ತು ಪಡೆಯುವವರ ಕೈಗೆ ನೇರವಾಗಿ ಕೊಡುವುದಿಲ್ಲ. ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸುತ್ತಾಳೆ, ಮನಸ್ಸು ಬದಲಾಯಿಸಲು ಅವಳಿಗೆ ಎರಡು ತಿಂಗಳ ಅವಕಾಶವಿರುತ್ತದೆ. ದತ್ತಕದ ಆದೇಶವನ್ನು ಕೊಡುವ ಮೊದಲು ಮಗುವಿನ ವಯಸ್ಸಿಗೂ ತಿಳಿವಳಿಕೆಗೂ ಅನುಗುಣವಾಗಿ ಅದರ ಇಚ್ಛೆಯನ್ನು ಪರಿಗಣಿಸತಕ್ಕದ್ದು. ಇಲ್ಲಿ ಯಾರೂ ಒಡೆಯರಲ್ಲ. ಹೆತ್ತವಳೂ, ಸಮಿತಿಯೂ, ಆದೇಶವನ್ನು ಕೊಡುವ ಜಿಲ್ಲಾ ದಂಡಾಧಿಕಾರಿಯೂ ಕಾವಲುಗಾರರು ಮಾತ್ರ. ವಿಶ್ವಜಿತ್ ಯಾಗದ ವಿಚಾರದಲ್ಲಿ ಜೈಮಿನಿಯು ಕಂಡ ಸಂಬಂಧ ಸ್ವಾಮ್ಯಗಳ ಭೇದವು ಇಷ್ಟು ಶತಮಾನಗಳು ಕಳೆದ ಮೇಲೆ ಮಕ್ಕಳ ವಿಷಯದಲ್ಲಿಯೂ ವಿಧಿಯಾಯಿತು.

ಶಾಸನವು ತಿರುಗಿದಷ್ಟು ಬೇಗನೆ ಮನಸ್ಸು ತಿರುಗುವುದಿಲ್ಲ. ದತ್ತು ಬಯಸಿ ಬರುವವರಲ್ಲಿ ಸಜ್ಜನರೇ ಬಹುಮಂದಿ; ಆದರೂ ಅವರ ಮಾತಿನಲ್ಲಿ ದಾನದ ಭಾಷೆಯೇ ಕೇಳಿಬರುತ್ತದೆ. ಅನಾಥ ಮಗುವಿಗೆ ಬಾಳು ಕೊಟ್ಟ ಪುಣ್ಯ ಬರುವುದೆನ್ನುವವರಿದ್ದಾರೆ. ನಮ್ಮ ಮುಪ್ಪಿಗೆ ಆಸರೆಯಾಗುವುದೆನ್ನುವವರಿದ್ದಾರೆ. ಬಣ್ಣ ಹೇಗಿದೆ, ಯಾರ ರಕ್ತವೋ ಏನೋ ಎಂದು ತಗ್ಗಿದ ದನಿಯಲ್ಲಿ ಕೇಳುವ ಅಜ್ಜಿಯರಿದ್ದಾರೆ. ಮಗುವು ಹದಿಮೂರನೆಯ ವಯಸ್ಸಿನಲ್ಲಿ ಎದುರುತ್ತರ ಕೊಟ್ಟ ದಿನ, ನಿನಗೆ ಇಷ್ಟೆಲ್ಲ ಮಾಡಿದೆವಲ್ಲ ಎಂಬ ಮಾತು ಹೊರಬೀಳುತ್ತದೆ. ಹೆತ್ತ ಮಗುವಿಗೂ ಆ ಮಾತನ್ನು ಆಡುವ ತಂದೆತಾಯಿಗಳುಂಟು. ಆದರೆ ಪಡೆದು ತಂದ ಮಗುವಿನ ಕಿವಿಗೆ ಅದು ಬೇರೆಯಾಗಿಯೇ ಬೀಳುತ್ತದೆ, ಏಕೆಂದರೆ ತಾನು ಇಲ್ಲಿ ಇರುವುದಕ್ಕೆ ಬೆಲೆ ತೆರಬೇಕೇನೋ ಎಂಬ ಶಂಕೆ ಅದರಲ್ಲಿ ಮೊದಲೇ ಇರುತ್ತದೆ. ದಾನ ಪಡೆದವನು ಕೃತಜ್ಞನಾಗಿರಬೇಕು. ದಾನದ ವಸ್ತುವಾದವನಾದರೋ ಯಾರಿಗೆ ಕೃತಜ್ಞನಾಗಬೇಕು? ಋಣವು ಇಲ್ಲಿ ದೊಡ್ಡವರ ಪಕ್ಷದಲ್ಲಿದೆಯೆಂದು ನಾನು ನಂಬಿದ್ದೇನೆ. ಒಂದು ಜೀವಕ್ಕೆ ಅದರ ಮೊದಲ ಮನೆಯನ್ನು ಉಳಿಸಿಕೊಡಲಾಗದ ಸಮಾಜವು ಆ ಜೀವಕ್ಕೆ ಬಾಕಿ ಉಳಿಸಿಕೊಂಡದ್ದನ್ನು, ಎರಡನೆಯ ಮನೆಯವರು ತಮ್ಮ ಶಕ್ತಿಯಿದ್ದಷ್ಟು ತೀರಿಸುತ್ತಾರೆ.

ಆದುದರಿಂದ ಮಕ್ಕಳ ಕಲ್ಯಾಣದ ಕಾರ್ಯಕರ್ತರಿಗೆ ಕೊಡತಕ್ಕ ಶಿಕ್ಷಣದಲ್ಲಿ ನಮೂನೆಗಳನ್ನು ತುಂಬುವ ವಿದ್ಯೆಗಿಂತ ಈ ದೃಷ್ಟಿಯ ಪರಿಷ್ಕಾರವೇ ಮೊದಲಿನದಾಗಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ನೆರವಿನಿಂದ ‘ಸಂವಾದ್’ ಎಂಬ ಹೆಸರಿನಲ್ಲಿ ನಾನಾ ರಾಜ್ಯಗಳ ಮಕ್ಕಳ ರಕ್ಷಣಾ ಸಿಬ್ಬಂದಿಗೆ ತರಬೇತಿ ಕೊಡುತ್ತಿರುವುದು ಸಂತೋಷದ ವಿಷಯ. ಮಗುವಿನ ನಡತೆಯ ಹಿಂದೆ ಅದರ ಅನುಭವವೊಂದಿದೆಯೆಂಬುದು ಇಂಥ ತರಬೇತಿಯ ತಿರುಳು. ಹೊಟ್ಟೆತುಂಬ ಉಂಡ ಮೇಲೆಯೂ ರೊಟ್ಟಿಯನ್ನು ದಿಂಬಿನ ಕೆಳಗೆ ಬಚ್ಚಿಡುವ ಹುಡುಗನು ಕಳ್ಳನಲ್ಲ. ನಾಳೆ ಊಟ ಸಿಕ್ಕುವುದೆಂದು ನಂಬಲು ಅವನಿಗೆ ಇನ್ನೂ ಕಾರಣ ಸಾಲದು. ಬಂದ ಮೊದಲ ವಾರವೇ ಕಂಡಕಂಡವರನ್ನೆಲ್ಲ ಅಪ್ಪಿಕೊಳ್ಳುವ ಹುಡುಗಿಯನ್ನು ನೋಡಿ, ಎಷ್ಟು ಬೇಗ ಹೊಂದಿಕೊಂಡಳೆಂದು ಮನೆಯವರು ಹಿಗ್ಗಿದರೆ, ಯಾರೂ ಅವಳಿಗೆ ವಿಶೇಷವಾಗಿ ತನ್ನವರಾಗಿಲ್ಲವೆಂಬುದರ ಸೂಚನೆ ಅದಾಗಿರಬಹುದೆಂದು ಕಾರ್ಯಕರ್ತೆಯು ತಿಳಿಸಿಹೇಳಬೇಕು. ಇದನ್ನೆಲ್ಲ ಬಲ್ಲವಳು ಮಗುವನ್ನು ಒಪ್ಪಿಸಿಬಂದ ದಿನಕ್ಕೆ ತನ್ನ ಕೆಲಸ ಮುಗಿಯಿತೆಂದು ತಿಳಿಯುವುದಿಲ್ಲ. ದತ್ತಕದ ನಂತರ ಎರಡು ವರ್ಷ, ಆರು ತಿಂಗಳಿಗೊಮ್ಮೆ ಅವಳು ಹೋಗಬೇಕೆಂದು ನಿಯಮವಿದೆ. ಆ ಭೇಟಿಯು ತಪಾಸಣೆಯಾಗುವುದೋ ಸಾಂತ್ವನವಾಗುವುದೋ ಎಂಬುದು ಅವಳ ಶಿಕ್ಷಣವನ್ನು ಅವಲಂಬಿಸಿದೆ.

ದತ್ತು ಕುಟುಂಬಗಳು ಬಹಳವಾಗಿ ಅಂಜುವುದು ನಿಜವನ್ನು ಹೇಳುವ ಗಳಿಗೆಗೆ. ಇಲ್ಲಿ ಕರ್ಣನ ಚರಿತ್ರೆಯನ್ನು ನೆನೆಯದೆ ಗತ್ಯಂತರವಿಲ್ಲ. ತನ್ನ ಜನ್ಮದ ಸತ್ಯವನ್ನು ಕೃಷ್ಣನ ಬಾಯಿಂದ ಕೇಳಿದಾಗ, ತನ್ನನ್ನು ಕಂಡೊಡನೆ ರಾಧೆಯ ಎದೆಯಲ್ಲಿ ಹಾಲುಕ್ಕಿತು, ಅಧಿರಥನು ತನಗೆ ಜಾತಕರ್ಮವನ್ನು ಮಾಡಿಸಿದನು, ಅವರನ್ನು ತೊರೆಯಲಾರೆ ಎಂದು ಅವನು ಹೇಳುವ ಸಂದರ್ಭವು ಸಾಕಿದವರ ಪಾಲಿಗೆ ಮಹಾಭಾರತದ ಅತ್ಯುಚ್ಚ ಮನ್ನಣೆ. ಆದರೆ ಆ ಸತ್ಯವು ಅವನಿಗೆ ತಿಳಿದುಬಂದದ್ದು ಎಂದು? ಯುದ್ಧದ ಹೊಸ್ತಿಲಲ್ಲಿ, ಅದನ್ನು ಹೇಳುವವರಿಗೆ ಅದರಿಂದ ಪ್ರಯೋಜನವಿದ್ದಾಗ. ಹುಟ್ಟಿನ ಸಂಗತಿಯು ಮಗುವಿಗೆ ಸೇರಿದ್ದು; ಅದನ್ನು ಮಗುವಿನ ಅವಶ್ಯಕತೆಗೆ ತಕ್ಕಂತೆ, ಎಳವೆಯಿಂದಲೇ, ಪ್ರೀತಿಯ ಮಾತುಗಳಲ್ಲಿ ಹೇಳುತ್ತ ಬರಬೇಕು; ದೊಡ್ಡವರ ಪ್ರಯೋಜನಕ್ಕಾಗಿ ಬಚ್ಚಿಡುವುದೂ ಬಯಲುಮಾಡುವುದೂ ಸಮಾನವಾದ ಅನ್ಯಾಯ. ಇಸ್ಲಾಂ ಧರ್ಮದ ವಿಧಿಯು ಈ ವಿಷಯದಲ್ಲಿ ನಮಗೆ ಕಲಿಸತಕ್ಕದ್ದು ಬಹಳವಿದೆ. ಸಾಕಿದ ಮಕ್ಕಳನ್ನು ಅವರ ಹೆತ್ತ ತಂದೆಯ ಹೆಸರಿನಿಂದಲೇ ಕರೆಯಿರೆಂದು ಕುರ್‌ಆನ್ ಆದೇಶಿಸುತ್ತದೆ. ಪ್ರವಾದಿಗಳು ತಾವೇ ಅನಾಥರಾಗಿ ಅಜ್ಜನ ಮನೆಯಲ್ಲಿ, ಆಮೇಲೆ ತಂದೆಯ ಸಹೋದರನ ಮನೆಯಲ್ಲಿ ಬೆಳೆದವರು. ಹೆಸರನ್ನೂ ವಂಶವನ್ನೂ ಅಳಿಸದೆ ಪೋಷಣೆಯ ಹೊಣೆಯನ್ನು ಹೊರುವ ಈ ‘ಕಫಾಲಾ’ ಪದ್ಧತಿಯನ್ನು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ಹೆಸರೆತ್ತಿ ಮಾನ್ಯಮಾಡಿದೆ. ದತ್ತಕವಾದ ಕ್ಷಣದಿಂದ ಹುಟ್ಟಿದ ಮನೆಯ ಸಂಬಂಧಗಳೆಲ್ಲ ಕಡಿದುಹೋದವೆಂದು 1956ರ ಕಾಯಿದೆಯು ಹೇಳುವುದು ಆಸ್ತಿಯ ವ್ಯವಹಾರಕ್ಕೆ ಅನುಕೂಲ. ನೆನಪಿನ ವಿಷಯದಲ್ಲಿ ಅದು ಸಲ್ಲದು. ಆ ಕಾಯಿದೆಯೇ, ಹುಟ್ಟಿದ ಮನೆಯಲ್ಲಿ ವಿವಾಹನಿಷಿದ್ಧರಾದವರು ದತ್ತಕದ ಮೇಲೆಯೂ ನಿಷಿದ್ಧರೇ ಎನ್ನುವಾಗ, ಕಡಿಯಲಾಗದ್ದೊಂದು ಉಳಿದಿದೆಯೆಂಬುದನ್ನು ಒಪ್ಪಿಕೊಂಡಿದೆ.

ದತ್ತಕಕ್ಕಿಂತಲೂ ಕಠಿನವಾದದ್ದು ತಾತ್ಕಾಲಿಕ ಪೋಷಣೆ. ತಂದೆ ಸೆರೆಮನೆಯಲ್ಲಿರುವ, ತಾಯಿ ದೀರ್ಘರೋಗದಲ್ಲಿರುವ ಮಗುವನ್ನು ಕೆಲವು ಕಾಲ ತಮ್ಮ ಮನೆಯಲ್ಲಿಟ್ಟುಕೊಂಡು ಸಾಕಿ, ಹೆತ್ತವರ ಸ್ಥಿತಿ ನೆಟ್ಟಗಾದಾಗ ಹಿಂದಕ್ಕೆ ಒಪ್ಪಿಸುವ ಕುಟುಂಬಗಳ ಕಾರ್ಯವದು. ಮಿಷನ್ ವಾತ್ಸಲ್ಯ ಯೋಜನೆಯು ಅಂಥ ಮಗುವಿನ ವೆಚ್ಚಕ್ಕೆ ತಿಂಗಳಿಗೆ 4,000 ರೂಪಾಯಿಗಳನ್ನು ಕೊಡುತ್ತದೆ. ಕಳೆದುಕೊಳ್ಳುವೆವೆಂದು ತಿಳಿದೂ ಪ್ರೀತಿಸುವುದು ಹೇಗೆ? ಇಲ್ಲಿ ಕೆಲವರು ವೈರಾಗ್ಯದ ಉಪದೇಶವನ್ನು ತರುತ್ತಾರೆ. ಅಂಟಿಯೂ ಅಂಟದಂತಿರಿ, ಜಡಭರತನ ಗತಿಯನ್ನು ನೆನೆಯಿರಿ ಎನ್ನುತ್ತಾರೆ. ಭಾಗವತದ ಐದನೆಯ ಸ್ಕಂಧದ ಆ ಕಥೆ ಎಲ್ಲರಿಗೂ ಪರಿಚಿತ. ರಾಜ್ಯವನ್ನು ತ್ಯಜಿಸಿ ಗಂಡಕಿಯ ತೀರದಲ್ಲಿ ತಪಸ್ಸಿಗೆ ಕುಳಿತ ಭರತನು, ಸಿಂಹಗರ್ಜನೆಗೆ ಬೆದರಿ ಹಾರಿದ ಹುಲ್ಲೆಯ ಗರ್ಭದಿಂದ ಹೊಳೆಗೆ ಬಿದ್ದ ಮರಿಯನ್ನು ಎತ್ತಿಕೊಂಡು ಬಂದು ಸಾಕಿದನು; ಅದರ ಚಿಂತೆಯಲ್ಲಿ ನಿತ್ಯಕರ್ಮಗಳನ್ನು ಮರೆತನು; ಅದನ್ನೇ ನೆನೆಯುತ್ತ ಪ್ರಾಣಬಿಟ್ಟು ಜಿಂಕೆಯಾಗಿ ಹುಟ್ಟಿದನು. ಮಮತೆಯು ಬಂಧನವೆಂಬುದಕ್ಕೆ ಇದನ್ನು ದೃಷ್ಟಾಂತವಾಗಿ ಹೇಳುವುದು ರೂಢಿ.

ಮುಮುಕ್ಷುವಿಗೆ ಆ ಪಾಠವು ಹೇಗೇ ಇರಲಿ, ಮಗುವನ್ನು ಸಾಕುವವರಿಗೆ ಅದನ್ನು ಉಪದೇಶಿಸುವುದು ಅಪಾಯ. 1951ರಲ್ಲಿ ಜಾನ್ ಬೌಲ್ಬಿಯು ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿಯಿಂದ ಮೊದಲ್ಗೊಂಡು, ರೊಮೇನಿಯದ ಬುಕಾರೆಸ್ಟ್ ನಗರದ ಅನಾಥಾಲಯಗಳಲ್ಲಿದ್ದ 136 ಶಿಶುಗಳಲ್ಲಿ ಅರ್ಧದಷ್ಟನ್ನು ಸಾಕು ಕುಟುಂಬಗಳಿಗೆ ಕಳುಹಿಸಿ 2000ದ ಈಚೆಗೆ ನಡೆಸಿದ ದೀರ್ಘಾಧ್ಯಯನದವರೆಗೆ, ತಿಳಿದುಬಂದಿರುವುದು ಇದು: ಶಿಶುವಿಗೆ ಅನ್ನ ಬಟ್ಟೆಗಳು ಸಾಲವು, ತನ್ನನ್ನೇ ಬಯಸುವ ಒಬ್ಬರು ಬೇಕು, ಎರಡು ವರ್ಷದೊಳಗೆ ಮನೆ ಸೇರಿದ ಮಕ್ಕಳು ಆಮೇಲೆ ಸೇರಿದವರಿಗಿಂತ ಹೆಚ್ಚಾಗಿ ಚೇತರಿಸಿಕೊಂಡರು. ಮುಂದೆ ತನಗೆ ನೋವಾಗದಿರಲೆಂದು ಸಾಕು ತಾಯಿಯು ಪ್ರೀತಿಯನ್ನು ಅಳೆದು ಕೊಟ್ಟರೆ, ಆ ಕೊರತೆಯನ್ನು ಅನುಭವಿಸುವುದು ಮಗು. ಬಂಧನದ ನೋವನ್ನು ದೊಡ್ಡವರು ಹೊರಬೇಕು. ಹಾಗೆ ಹೊರುವುದೇ ಅವರ ತಪಸ್ಸು. ಭರತನ ಕಥೆಯನ್ನು ಮತ್ತೆ ಓದಿದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಆ ಮರಿಯನ್ನು ನೀರಿನಿಂದ ಎತ್ತಿದ್ದರಲ್ಲಿ ದೋಷವಿರಲಿಲ್ಲ. ಮೇಯಲು ಹೋದದ್ದು ಹೊತ್ತಿಗೆ ಬಾರದಿದ್ದರೆ ತೋಳ ತಿಂದಿತೋ ಎಂದು ಅವನು ಒಬ್ಬನೇ ಕುಳಿತು ಕೊರಗುತ್ತಿದ್ದನು. ಆ ಭಯವನ್ನು ಹೇಳಿಕೊಳ್ಳಲು ಅವನಿಗೆ ಯಾರೂ ಇರಲಿಲ್ಲ. ಮರಿಯು ಕಾಡಿಗೆ ಸೇರಿದ್ದೆಂದೂ, ಅದು ಹೋಗುವ ದಿನ ಬರುತ್ತದೆಂದೂ, ಆ ದಿನಕ್ಕೆ ಇಬ್ಬರೂ ಸಿದ್ಧರಾಗಬೇಕೆಂದೂ ಬಳಿಗೆ ಬಂದು ಕುಳಿತು ಹೇಳುವವರೊಬ್ಬರು ಇದ್ದಿದ್ದರೆ ಅವನ ಕಡೆಗಾಲ ಬೇರೆಯಾಗುತ್ತಿತ್ತೆಂದು ನನಗೆ ತೋರುತ್ತದೆ.

ಸಾಕು ಕುಟುಂಬಕ್ಕೆ ಬೇಕಾದ ಆಸರೆಯು ಅದೇ. ಕಣ್ವಮುನಿಯು ತಾನು ಸಾಕಿದ ಶಕುಂತಲೆಗೆ ತಂದೆಯೆನಿಸಿಕೊಂಡದ್ದು ಹೇಗೆಂದು ವಿವರಿಸುವಲ್ಲಿ, ದೇಹವನ್ನು ಕೊಟ್ಟವನು, ಪ್ರಾಣವನ್ನು ಉಳಿಸಿದವನು, ಅನ್ನವನ್ನು ಇಟ್ಟವನು, ಈ ಮೂವರೂ ತಂದೆಯರೆಂಬ ಧರ್ಮನಿರ್ಣಯವನ್ನು ಮಹಾಭಾರತವು ಹೇಳುತ್ತದೆ. ಒಬ್ಬರಿದ್ದರೆ ಇನ್ನೊಬ್ಬರಿಲ್ಲವೆಂಬ ಸ್ಪರ್ಧೆ ಅಲ್ಲಿಲ್ಲ. ಹೆತ್ತ ತಾಯಿಯು ಗುಣಹೊಂದಿ ಬಂದಾಗ ಸಾಕು ತಾಯಿಯನ್ನು ಮಗುವಿನ ಬಾಳಿನಿಂದ ಒಮ್ಮೆಗೇ ಅಳಿಸಿಬಿಡುವ ಬದಲು, ಇಬ್ಬರನ್ನೂ ಒಂದೆಡೆ ಕೂರಿಸಿ, ಮಗುವು ಯಾವ ಹಾಡಿಗೆ ನಿದ್ದೆ ಹೋಗುತ್ತದೆ, ಯಾವುದಕ್ಕೆ ಹೆದರುತ್ತದೆ, ಯಾವ ಪಲ್ಯವನ್ನು ತಿನ್ನುವುದಿಲ್ಲವೆಂಬುದನ್ನು ಒಬ್ಬಳಿಂದ ಇನ್ನೊಬ್ಬಳಿಗೆ ದಾಟಿಸುವಷ್ಟು ವ್ಯವಧಾನವು ಕಾರ್ಯಕರ್ತೆಗೆ ಇರಬೇಕು. ಅವಳ ಮೇಲಿನವರು ಆ ವ್ಯವಧಾನವನ್ನು ಅವಳಿಗೆ ಕೊಡಬೇಕು. ಎರಡು ವರ್ಷ ಸಾಕಿದ ಮೇಲೆ, ಮಗುವು ಕಾನೂನಿನ ಪ್ರಕಾರ ದತ್ತಕಕ್ಕೆ ಮುಕ್ತವಾಗಿದ್ದಲ್ಲಿ, ಸಾಕಿದವರೇ ದತ್ತು ಪಡೆಯಬಹುದೆಂದು 2024ರ ಮಾದರಿ ಮಾರ್ಗಸೂಚಿಯು ದಾರಿ ತೆರೆದಿರುವುದು ಒಳ್ಳೆಯದೇ. ಹಾಗಾಗದೆ ಮಗು ಹಿಂತಿರುಗಿದ ಮನೆಗಳೇ ನನ್ನ ಚಿಂತೆಗೆ ಹೆಚ್ಚು ವಿಷಯವಾಗಿವೆ. ಆ ಮನೆಯಲ್ಲಿ ಸಾವು ಸಂಭವಿಸಿಲ್ಲವಾದ್ದರಿಂದ ಮಾತನಾಡಿಸಲು ನೆಂಟರು ಬರುವುದಿಲ್ಲ. ಸೂತಕವೂ ಇಲ್ಲ, ಹನ್ನೊಂದನೆಯ ದಿನವೂ ಇಲ್ಲ. ದುಃಖಕ್ಕೆ ಸಮಾಜವು ಹಾಕಿಕೊಟ್ಟ ಯಾವ ಮೇರೆಯೂ ಅವರಿಗೆ ಒದಗುವುದಿಲ್ಲ. ಮಗುವನ್ನು ಒಪ್ಪಿಸಿದ ವಾರದೊಳಗೆ ಒಮ್ಮೆ, ತಿಂಗಳ ಮೇಲೆ ಇನ್ನೊಮ್ಮೆ, ಯಾವ ನಮೂನೆಯನ್ನೂ ಕೈಯಲ್ಲಿ ಹಿಡಿಯದೆ ಕಾರ್ಯಕರ್ತೆಯು ಆ ಮನೆಗೆ ಹೋಗಿ ಬರುವುದನ್ನು ಅವಳ ಕರ್ತವ್ಯದ ಪಟ್ಟಿಯಲ್ಲಿ ಸೇರಿಸಿ, ಅದಕ್ಕೆ ತಗಲುವ ಬಸ್ಸಿನ ಖರ್ಚನ್ನೂ ಇಲಾಖೆಯು ಕೊಡಬೇಕು.